ಮೊದಲ ಪಿಂಗ್‌ಗೆ ಉತ್ತರ ಬಂದ ಮೇಲೆ

ಹವ್ಯಾಸಕ್ಕಾಗಿ ನಾನು ಎರಡು ವರ್ಷಗಳಿಂದ ಬರೆಯುತ್ತಿರುವ ಆಪರೇಟಿಂಗ್ ಸಿಸ್ಟಂ ಕಳೆದ ಭಾನುವಾರ ರಾತ್ರಿ 10.0.2.2 ಎಂಬ ವಿಳಾಸಕ್ಕೆ ಪಿಂಗ್ (ಆ ಕಡೆಯ ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳುವ ಪುಟ್ಟ ಸಂದೇಶ) ಕಳುಹಿಸಿತು, ಮೊದಲ ಬಾರಿಗೆ ಉತ್ತರವೂ ಬಂದಿತು. ಅದು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ತಂತ್ರಾಂಶವು ತನ್ನೊಳಗೇ ಒದಗಿಸುವ ಗೇಟ್‌ವೇ, ಅಂದರೆ ಹೊರಗಿನ ಜಾಲಕ್ಕೆ ಬಾಗಿಲು. ಆ ಸಂದೇಶವನ್ನು ಹೊತ್ತ ಪ್ಯಾಕೆಟ್ (ದತ್ತಾಂಶದ ಪುಟ್ಟ ಕಟ್ಟು) ನನ್ನ ಲ್ಯಾಪ್‌ಟಾಪಿನ ಆಚೆ ಹೋಗಿಲ್ಲ. ಆದರೂ ಐದು ತಿಂಗಳು ಇದೊಂದರ ಬೆನ್ನು ಹತ್ತಿದ್ದ ನನಗೆ ಅದು ದೊಡ್ಡ ಸಂಗತಿ. ಇದಕ್ಕೆ ಕಾರಣರಾದವರನ್ನು ನೆನೆಯದೆ ಮುಂದಿನ ಕೆಲಸಕ್ಕೆ ಕೈಹಾಕಲು ಮನಸ್ಸು ಒಪ್ಪುತ್ತಿಲ್ಲ.

ಮೊದಲ ನಮಸ್ಕಾರ ನನ್ನ ಹಿಂದಿನ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದಾರೆ. ನನ್ನ ಡ್ರೈವರ್ (ಯಂತ್ರಾಂಶವನ್ನು ನಡೆಸುವ ಕೋಡು) ಕ್ಯೂಎಮು ಅನುಕರಿಸುವ ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡನ್ನು ಗುರುತಿಸುತ್ತಿತ್ತು, ಕಾರ್ಡಿನ ಗುರುತಾದ ಮ್ಯಾಕ್ ವಿಳಾಸವನ್ನೂ ಸರಿಯಾಗಿ ಓದುತ್ತಿತ್ತು, ಆದರೆ ಒಂದು ಪ್ಯಾಕೆಟ್ಟೂ ಹೊರಬೀಳುತ್ತಿರಲಿಲ್ಲ. ಮೂರು ವಾರ ಕಳುಹಿಸುವ ಕೋಡನ್ನೇ ತಿದ್ದಿ ತಿದ್ದಿ ಸೋತಿದ್ದಾಗ ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಸ್ ಮಾಸ್ಟರಿಂಗ್ ಆನ್ ಮಾಡಿದ್ದೀಯೇನಮ್ಮಾ?" ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ವ್ಯವಸ್ಥೆಯ ಕಮಾಂಡ್ ರಿಜಿಸ್ಟರಿನ ಆ ಒಂದು ಬಿಟ್ 1 ಆಗದ ಹೊರತು ಕಾರ್ಡು ತಾನಾಗಿ ಮೆಮೊರಿಯನ್ನು ಮುಟ್ಟಲಾರದು, ಅಲ್ಲಿ ನಾನು ಸಿದ್ಧಪಡಿಸಿಟ್ಟ ಪ್ಯಾಕೆಟ್ ಅದಕ್ಕೆ ಸಿಗುವುದಾದರೂ ಹೇಗೆ?

ಆಮೇಲೆ ಪ್ಯಾಕೆಟ್ ಹೊರಟಿತು, ಉತ್ತರ ಮಾತ್ರ ಬರಲಿಲ್ಲ. ಪಿಂಗ್‌ಗೂ ಮೊದಲು, ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್ ವಿಳಾಸ ಯಾವುದೆಂದು ಎಆರ್‌ಪಿ ಎಂಬ ವಿಧಾನದಿಂದ ಕೇಳಿ ತಿಳಿಯಬೇಕು. ಕ್ಯೂಎಮು ಪ್ಯಾಕೆಟ್‌ಗಳನ್ನು ದಾಖಲಿಸಿಕೊಟ್ಟ ಕಡತವನ್ನು ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ತೆರೆದು ನೋಡಿದರೆ, ಎಆರ್‌ಪಿ ಪ್ಯಾಕೆಟ್ ಎಂದು ಸೂಚಿಸುವ 08 06 ಇರಬೇಕಾದ ಜಾಗದಲ್ಲಿ 06 08 ಕುಳಿತಿತ್ತು. ಇಂಟೆಲ್ ಬಗೆಯ ಪ್ರೊಸೆಸರುಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುತ್ತವೆ, ನೆಟ್‌ವರ್ಕಿನಲ್ಲಿ ಹಿರಿಯ ಬೈಟು ಮೊದಲು ಹೋಗಬೇಕು. ಕಣ್ಣಿಗೆ ಕಾಣದ ತಪ್ಪನ್ನು ಹೀಗೆ ಬಿಡಿಸಿ ತೋರಿಸುವ ಈ ಸಾಧನವನ್ನು 1998ರಲ್ಲಿ ಎಥಿರಿಯಲ್ ಎಂಬ ಹೆಸರಿನಲ್ಲಿ ಹೊರತಂದ ಜೆರಾಲ್ಡ್ ಕೂಂಬ್ಸ್ ಅವರಿಗೂ, ಅದನ್ನು ಇಂದಿಗೂ ಉಚಿತವಾಗಿ ಬೆಳೆಸುತ್ತಿರುವವರಿಗೂ ನಾನು ಋಣಿ.

ಎಆರ್‌ಪಿಯನ್ನು ವಿವರಿಸಿ ಡೇವಿಡ್ ಪ್ಲಮ್ಮರ್ ಅವರು 1982ರ ನವೆಂಬರಿನಲ್ಲಿ ಬರೆದ ಆರ್‌ಎಫ್‌ಸಿ 826 (ಅಂತರ್ಜಾಲದ ನಿಯಮಗಳನ್ನು ಬರೆದಿಡುವ ಸರಣಿಯದು) ದಾಖಲೆಯನ್ನು ವಿಶೇಷವಾಗಿ ನೆನೆಯಬೇಕು. ಎಆರ್‌ಪಿ ಪ್ಯಾಕೆಟ್ ಕೈಸೇರಿದಾಗ ಏನು ಮಾಡಬೇಕೆಂಬುದನ್ನು ಅವರು ಪ್ರಶ್ನೆಗಳ ಸಾಲಾಗಿಯೇ ಬರೆದಿದ್ದಾರೆ: ಈ ಬಗೆಯ ಹಾರ್ಡ್‌ವೇರ್ ನನ್ನಲ್ಲಿದೆಯೇ, ಈ ಪ್ರೋಟೋಕಾಲ್ ನನಗೆ ಬರುತ್ತದೆಯೇ, ಕೇಳುತ್ತಿರುವ ವಿಳಾಸ ನನ್ನದೇ? ಒಂದೊಂದು ಪ್ರಶ್ನೆಯೂ ನನ್ನ ಕೋಡಿನಲ್ಲಿ ಒಂದೊಂದು ಷರತ್ತಾಯಿತು. ನಾನು ಹುಟ್ಟುವ ಮೊದಲೇ ಬರೆದಿಟ್ಟ ಕೆಲವೇ ಪುಟಗಳು ಇಷ್ಟು ಸ್ಪಷ್ಟವಾಗಿ ಕೈಹಿಡಿದು ನಡೆಸಿದ್ದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಕೊನೆಗೂ ಬಂದ ಎಆರ್‌ಪಿ ಉತ್ತರದಲ್ಲಿದ್ದ ಮ್ಯಾಕ್ ವಿಳಾಸದ ಕಡೆಯ ನಾಲ್ಕು ಬೈಟುಗಳು 10, 0, 2, 2 ಎಂದೇ ಇದ್ದವು. ಅದನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಭಾನುವಾರಗಳಲ್ಲಿ ಮಗುವನ್ನು ಕರೆದುಕೊಂಡು ಹೋಗಿ ನನಗೆ ಮೂರು ಗಂಟೆ ಬಿಡುವು ಮಾಡಿಕೊಟ್ಟ ಅತ್ತೆಯವರ ಉಪಕಾರ ಬೇರೆಯೇ ತೂಕದ್ದು.

ಪಿಂಗ್‌ಗೆ ಉತ್ತರ ಬಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ನನ್ನ ಆ ಹಿರಿಯ ಸಹೋದ್ಯೋಗಿ, "ಸಂತೋಷ, ಇನ್ನು ಡಿಎಚ್‌ಸಿಪಿ ಶುರುಮಾಡು" ಎಂದರು. ಯಂತ್ರಕ್ಕೆ ಐಪಿ ವಿಳಾಸ ತಾನಾಗಿ ಸಿಗುವಂತೆ ಮಾಡುವ ವ್ಯವಸ್ಥೆ ಅದು. ತಮ್ಮ ಮನೆಯ ಅಟ್ಟದಲ್ಲಿದ್ದ ಅಸಲಿ 8139 ಕಾರ್ಡೊಂದನ್ನು ಒರೆಸಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ನಿನ್ನೆ ಅಂಚೆಗೆ ಹಾಕಿದ್ದಾರಂತೆ.