ರಟ್ಟಿನ ಬಂಡೆ ನೋಡಿ ನಗುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಹಳೇ ವಿಜ್ಞಾನ ಕಥೆಯ ಧಾರಾವಾಹಿಗಳ ಬಗ್ಗೆ ಬರೆದಿದ್ದರು. ಎಲ್ಲರೂ ಹೊಗಳುತ್ತಾರೆ ಅಂತ ‘ಸ್ಟಾರ್ ಟ್ರೆಕ್’ (ಬಾಹ್ಯಾಕಾಶದ ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುವವರ ಅಮೆರಿಕನ್ ಧಾರಾವಾಹಿ) ಹಾಕಿ, ಹತ್ತು ನಿಮಿಷಕ್ಕೆ ಬಂದ್ ಮಾಡಿದರಂತೆ. ಬಂಡೆಗಳೆಲ್ಲ ರಟ್ಟಿನವು, ಆಕಾಶ ಅಂದರೆ ಹಿಂದುಗಡೆಯ ಪರದೆ, ಥೇಟ್ ಸ್ಕೂಲ್ ಡೇ ನಾಟಕ, ಇದನ್ನು ಈಗ ಯಾರು ನಂಬುತ್ತಾರೆ ಎಂಬುದು ಅವರ ಪ್ರಶ್ನೆ. ನಾನೂ ಅದನ್ನು ಮೊದಲ ಸಲ ನೋಡಿದ್ದು ಈ ಮಳೆಗಾಲದಲ್ಲೇ. ಹಾಗಾಗಿ ಉತ್ತರ ಬರೆಯುವ ಹಕ್ಕು ನನಗೂ ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ. ಪತ್ರ ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಹೊಟ್ಟೆಪಾಡಿಗೆ ನನ್ನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ಸಂಜೆಯ ಕೆಲಸ ಮಾತ್ರ ಬೇರೆ ಇತ್ತು. ಸಾಗರದ ಸುತ್ತಮುತ್ತ ಹವ್ಯಾಸಿ ನಾಟಕಗಳಿಗೆ ಲೈಟಿಂಗ್ ಮಾಡುತ್ತಿದ್ದೆ. ಎಣ್ಣೆ ಡಬ್ಬದೊಳಗೆ ಬಲ್ಬ್ ಕೂರಿಸಿ ಸ್ಪಾಟ್ ಮಾಡಿದವರು ನಾವು. ಬಕೆಟ್ಟಿನ ಉಪ್ಪುನೀರಿನಲ್ಲಿ ತಗಡು ಇಳಿಸಿ, ಬೆಳಕು ಏರಿಳಿಸುವ ಡಿಮ್ಮರ್ ಮಾಡಿದ್ದೂ ಉಂಟು (ಈಗಿನ ಹುಡುಗರು ದಯವಿಟ್ಟು ಮಾಡಬೇಡಿ, ಶಾಕ್ ಹೊಡೆಯುತ್ತದೆ). 1980ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಆಗ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಈಗ ಮಗಳು ತನ್ನ ಓಟಿಟಿ ಖಾತೆಯಲ್ಲಿ ಹಾಕಿಕೊಟ್ಟಳು. ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ, ಓದಿಕೊಂಡು ನೋಡಿದರೆ ಕಷ್ಟವಿಲ್ಲ.

ರಟ್ಟಿನ ಬಂಡೆ ನನಗೂ ಕಂಡಿತು. ಆದರೆ ಅದಕ್ಕೂ ಮೊದಲು ಕಂಡಿದ್ದು ಆ ಬಂಡೆಯ ಮೇಲೆ ಬಿದ್ದ ಬೆಳಕು.

ಮೊದಲ ಕಂತು ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಬಂದಿದ್ದು 1966ರ ಸೆಪ್ಟೆಂಬರ್ 8ರಂದು. ಅದು ಬಣ್ಣದ ಟೀವಿ ಮನೆಮನೆಗೆ ಕಾಲಿಡುತ್ತಿದ್ದ ಹೊತ್ತು. ಎನ್‌ಬಿಸಿಯ ಮಾಲೀಕ ಕಂಪನಿ ಆರ್‌ಸಿಎ ಬಣ್ಣದ ಟೀವಿ ಮಾರುತ್ತಿತ್ತು. ಹಾಗಾಗಿ ಬಣ್ಣ ಢಾಳಾಗಿ ಕಾಣಬೇಕಿತ್ತು. ಆದರೆ ಎಂಟರ್‌ಪ್ರೈಸ್ ಎಂಬ ಆ ಹಡಗಿನ ಒಳಗೋಡೆಗಳನ್ನು ನೋಡಿ, ಎಲ್ಲ ಬೂದು. ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ಆ ಬೂದು ಗೋಡೆಗೆ ಬಣ್ಣದ ಜೆಲ್ (ದೀಪದ ಮುಂದೆ ಹಿಡಿಯುವ ತೆಳು ಹಾಳೆ) ಹಾಕಿದ ಬೆಳಕು ಬಿಡುತ್ತಿದ್ದರು. ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಸಿರು. ಅದೇ ಓಣಿ ಒಂದು ಸಲ ಆಸ್ಪತ್ರೆಯ ದಾರಿ, ಇನ್ನೊಂದು ಸಲ ಕ್ಯಾಪ್ಟನ್ ಕೋಣೆಯ ದಾರಿ. ಗ್ರಹಗಳ ಕಥೆಯೂ ಅಷ್ಟೇ. ಸ್ಟುಡಿಯೋ ಒಂದೇ, ಹಿಂದಿನ ಪರದೆ ಒಂದೇ. ಜೆಲ್ ಬದಲಾಯಿಸಿದರೆ ಗ್ರಹ ಬದಲಾಯಿತು. ಜೆಲಾಟಿನ್ ಹಾಳೆಯ ಒಂದು ತುಂಡಿಗೆ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನನಗೆ ಇದನ್ನು ನೋಡಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಗಂಭೀರ ಮಾತು ಬಂದಾಗ ಕ್ಯಾಪ್ಟನ್ ಕರ್ಕ್ ಮುಖವೆಲ್ಲ ನೆರಳಾಗಿ, ಕಣ್ಣಿನ ಮೇಲೆ ಮಾತ್ರ ಒಂದು ಪಟ್ಟಿ ಬೆಳಕು ಬೀಳುತ್ತದೆ. ಹಡಗಿನೊಳಗೆ ಅಂಥ ಬೆಳಕು ಎಲ್ಲಿಂದ ಬರಬೇಕು? ಎಲ್ಲಿಂದಲೂ ಬರುವಂತಿಲ್ಲ. ನಾಟಕದವರ ಬೆಳಕು ಅದು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಕೂಡ ಕೆನಡಾದಲ್ಲಿ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿ ಬಂದವರೇ. ಮಾತಿನ ನಡುವೆ ಅವರು ಸುಮ್ನೆ ನಿಲ್ಲಿಸುವುದನ್ನು ಜನ ಗೇಲಿ ಮಾಡುತ್ತಾರಂತೆ. ಹಿಂದಿನ ಸಾಲಿನವರಿಗೂ ಮಾತು ತಲುಪಬೇಕು ಅಂತ ಕಲಿತವರು ಹಾಗೇ ಆಡುವುದು.

ಹಣವಿಲ್ಲದಾಗ ಏನಾಗುತ್ತದೆ ಅಂತ ನಮಗೆ ಗೊತ್ತು, ಉಪಾಯ ಹುಟ್ಟುತ್ತದೆ. ಹಡಗಿನ ಬಾಗಿಲುಗಳು ತಾವಾಗಿ ಸರಿಯುತ್ತವೆ ಅಲ್ವಾ? ಮರೆಯಲ್ಲಿ ನಿಂತು ಎಳೆಯುತ್ತಿದ್ದವರು ಮನುಷ್ಯರೇ. ‘ಶ್ಶ್’ ಎಂಬ ಸದ್ದು ಆಮೇಲೆ ಸೇರಿಸಿದ್ದು. ಎಳೆಯುವವನು ಒಂದು ಕ್ಷಣ ತಡಮಾಡಿದರೆ ನಟ ಹೋಗಿ ಬಾಗಿಲಿಗೆ ಡಿಕ್ಕಿ. ಹಾಗೆ ಹೊಡೆಸಿಕೊಂಡ ತುಣುಕುಗಳೂ ಉಳಿದಿವೆ. ಮೊದಲ ಕಂತಿನಲ್ಲಿ ಉಪ್ಪು ಹೀರುವ ಒಂದು ಪ್ರಾಣಿ ಬರುತ್ತದೆ. ಅದಕ್ಕೆ ಅಂತ ಅಂದಚೆಂದದ ಉಪ್ಪಿನ ಡಬ್ಬಿಗಳನ್ನು ತಂದರು. ಜನಕ್ಕೆ ಅವು ಉಪ್ಪಿನ ಡಬ್ಬಿ ಅಂತ ಗುರುತೇ ಸಿಗಲಿಕ್ಕಿಲ್ಲ ಎಂದು ಸಾದಾ ಡಬ್ಬಿ ಇಟ್ಟುಕೊಂಡರು. ಚೆಂದದವನ್ನು ಎಸೆದರೇ? ಇಲ್ಲ, ಹಡಗಿನ ಡಾಕ್ಟರ್ ಮೆಕಾಯ್ ಕೈಗೆ ಕೊಟ್ಟರು. ಅವೇ ಭವಿಷ್ಯದ ಶಸ್ತ್ರಚಿಕಿತ್ಸೆಯ ಸಲಕರಣೆಗಳಾದವು! ನಮ್ಮ ನಾಟಕದ ಪ್ರಾಪರ್ಟಿ ನೋಡಿಕೊಳ್ಳುವವನಿಗೆ ಇದನ್ನು ಫೋನ್ ಮಾಡಿ ಹೇಳಿದೆ.

ಎಲ್ಲಕ್ಕಿಂತ ದೊಡ್ಡ ಉಪಾಯ ಆ ಮಾಯವಾಗುವ ಯಂತ್ರ. ವಾರವಾರವೂ ಹಡಗನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸಲು ಧಾರಾವಾಹಿ ಕಟ್ಟಿದ ಜೀನ್ ರಾಡನ್‌ಬೆರಿ ಬಳಿ ಹಣವಿರಲಿಲ್ಲ. ಹಾಗಾಗಿ ಜನ ಒಂದು ಕಟ್ಟೆಯ ಮೇಲೆ ನಿಲ್ಲುತ್ತಾರೆ, ಮಿನುಗಿ ಕರಗುತ್ತಾರೆ, ಗ್ರಹದ ಮೇಲೆ ಮೂಡುತ್ತಾರೆ. ಆ ಮಿನುಗು ಬೆಳಕಿನಲ್ಲಿ ಉದುರುವ ಅಲ್ಯೂಮಿನಿಯಂ ಪುಡಿಯದು. ಯಕ್ಷಗಾನದಲ್ಲಿ ಭಾಗವತರು ಒಂದು ಪದ ಹಾಡುವಷ್ಟರಲ್ಲಿ ವೇಷಧಾರಿ ರಂಗಕ್ಕೆ ಒಂದು ಸುತ್ತು ಹಾಕುತ್ತಾನೆ, ದ್ವಾರಕೆಯಿಂದ ಹಸ್ತಿನಾವತಿಗೆ ಬಂದಾಯಿತು. ಬೆಳತನಕ ಕೂತು ಅದನ್ನು ನೋಡುವ ನಾವು ರಥ ಎಲ್ಲಿ, ದಾರಿ ಎಲ್ಲಿ ಅಂತ ಯಾವತ್ತು ಕೇಳಿದ್ದೇವೆ?

ಇನ್ನು ನಾನು ಮರೆಯಲಾಗದ ಎರಡು ಕಂತು.

ಒಂದು, ‘ದ ಡೆವಿಲ್ ಇನ್ ದ ಡಾರ್ಕ್’, 1967ರದು. ದೂರದ ಗ್ರಹದ ಗಣಿಯಲ್ಲಿ ಏನೋ ಒಂದು ಬಂಡೆಯನ್ನೇ ಕರಗಿಸಿ ಸುರಂಗ ಕೊರೆದುಕೊಂಡು ಬಂದು ಕಾರ್ಮಿಕರನ್ನು ಕೊಲ್ಲುತ್ತಿದೆ. ಸುರಂಗದ ನೆಲ ನೋಡಿದರೆ ಸ್ಟುಡಿಯೋದ ನುಣುಪು ನೆಲ, ಅದನ್ನು ಒಪ್ಪುತ್ತೇನೆ. ಆ ಪ್ರಾಣಿಯೂ ಅಷ್ಟೇ. ರಬ್ಬರ್ ಹೊದ್ದು ಒಬ್ಬ ಮನುಷ್ಯ ತೆವಳುತ್ತಿದ್ದಾನೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮುಟ್ಟಿ ಇನ್ನೊಬ್ಬರ ಮನಸ್ಸು ಓದಬಲ್ಲ ಸ್ಪಾಕ್ ಪಾತ್ರದ ಲೆನಾರ್ಡ್ ನಿಮೊಯ್ ಆ ರಬ್ಬರಿನ ಪಕ್ಕ ಮಂಡಿಯೂರಿ ಕೂತು, ಅದರ ಮೇಲೆ ಕೈಯಿಟ್ಟು, ಅದರ ನೋವನ್ನು ತನ್ನ ಬಾಯಲ್ಲಿ ಕೂಗುತ್ತಾರೆ. ಭಾವನೆಯನ್ನೇ ತೋರಿಸಬಾರದು ಅಂತ ಕಟ್ಟಿದ ಪಾತ್ರ ಅದು. ಆ ಮುಖ ಒಡೆಯುವುದನ್ನು ನೋಡಬೇಕು. ಆಮೇಲೆ ತಿಳಿಯುತ್ತದೆ, ಅದು ತಾಯಿ. ಗಣಿಯವರು ಸುಂದರ ಕಲ್ಲುಗುಂಡು ಅಂದುಕೊಂಡು ಒಡೆದುಹಾಕಿದ್ದು ಅದರ ಮೊಟ್ಟೆಗಳನ್ನು. ಗಣಿಯ ಮುಖ್ಯಸ್ಥನ ಮೇಜಿನ ಮೇಲೆ ಕಥೆಯ ಶುರುವಿನಿಂದಲೂ ಅಂಥದ್ದೊಂದು ಗುಂಡು ಕೂತಿತ್ತು. ನಾವೂ ನೋಡಿದ್ದೆವು, ಅಲಂಕಾರಕ್ಕೆ ಇಟ್ಟಿದ್ದಾನೆ ಅಂತ ಬಿಟ್ಟಿದ್ದೆವು. ಕೊನೆಗೆ ಡಾಕ್ಟರ್ ಬಂದು ಗಾಯಕ್ಕೆ ಹಚ್ಚುವುದು ಏನನ್ನು? ಸಿಮೆಂಟು! ಮೈ ಸಿಲಿಕಾನಿನದಾದರೆ ಔಷಧವೂ ಅದೇ ಜಾತಿಯದು ಬೇಕಲ್ಲ. ನನ್ನಾಕೆ ಅಡುಗೆಮನೆಯಿಂದ ಬಂದು ನಿಂತವಳು ಕೂತೇ ಬಿಟ್ಟಳು.

ಎರಡನೆಯದಕ್ಕೆ ಬರುವ ಮೊದಲು ನಿಮ್ಮ ಪುಟಕ್ಕೆ ಸಂಬಂಧಪಟ್ಟ ಒಂದು ಸಂಗತಿ. ಎರಡನೇ ವರ್ಷದ ಕೊನೆಗೆ ಧಾರಾವಾಹಿ ನಿಂತೇ ಹೋಗುತ್ತದೆ ಅಂತ ಸುದ್ದಿಯಾಯಿತು. ಬೀಜೋ ಮತ್ತು ಜಾನ್ ಟ್ರಿಂಬಲ್ ಎಂಬ ದಂಪತಿ ಮುಂದೆ ನಿಂತು ಅಭಿಮಾನಿಗಳಿಂದ ಚಾನೆಲ್ಲಿಗೆ ಪತ್ರ ಬರೆಸಿದರು. ಮೂಟೆಗಟ್ಟಲೆ ಪತ್ರ ಬಂದವು. 1968ರ ಮಾರ್ಚ್ 1ರಂದು ಕಂತು ಮುಗಿದ ಮೇಲೆ, ಧಾರಾವಾಹಿ ಮುಂದುವರಿಯುತ್ತದೆ ಅಂತ ಎನ್‌ಬಿಸಿ ಟೀವಿಯಲ್ಲೇ ಹೇಳಬೇಕಾಯಿತು. ಓದುಗರ ಪತ್ರ ಯಾರು ಓದುತ್ತಾರೆ ಅನ್ನುವ ನಮ್ಮ ಕಟ್ಟೆಯ ಗೆಳೆಯರಿಗೆ ಇದನ್ನು ಓದಿ ಹೇಳುವವನಿದ್ದೇನೆ. ಚಾನೆಲ್ಲಿನವರೇನು ಸಾಮಾನ್ಯರಲ್ಲ. ಒಪ್ಪಿದ ಹಾಗೆ ಮಾಡಿ ಶುಕ್ರವಾರ ರಾತ್ರಿ 10ಕ್ಕೆ ತಳ್ಳಿದರು, ಬಜೆಟ್ಟನ್ನೂ ಕತ್ತರಿಸಿದರು.

ಆ ಕತ್ತರಿಸಿದ ಬಜೆಟ್ಟಿನ ಕೂಸೇ ‘ಸ್ಪೆಕ್ಟರ್ ಆಫ್ ದ ಗನ್’. ಕರ್ಕ್ ತಂಡ ಬೇಡವೆಂದರೂ ಒಂದು ಗ್ರಹಕ್ಕೆ ಕಾಲಿಡುತ್ತದೆ. ಅಲ್ಲಿಯವರು ಶಿಕ್ಷೆಯಾಗಿ ಇವರನ್ನು 1881ರ ಅಮೆರಿಕದ ಟೂಂಬ್‌ಸ್ಟೋನ್ ಎಂಬ ಊರಿಗೆ ತಳ್ಳುತ್ತಾರೆ. ಸಂಜೆ 5ಕ್ಕೆ ಬಂದೂಕಿನ ಕಾಳಗ, ಸೋಲುವ ಕಡೆಯವರು ಇವರೇ. ಹೊರಾಂಗಣದಲ್ಲಿ ತೆಗೆಯಬೇಕಿದ್ದ ಕಥೆ, ದುಡ್ಡಿಲ್ಲದೆ ಸ್ಟುಡಿಯೋದೊಳಗೆ ಬಂತು. ಆಗ ಅವರು ಊರನ್ನೇ ಅರ್ಧ ಕಟ್ಟಿದರು. ಅಂಗಡಿಯ ಮುಂಗೋಡೆ ಇದೆ, ಹಿಂದೆ ಏನೂ ಇಲ್ಲ. ಮೇಲೆ ಸೂರಿಲ್ಲ. ಹಿಂದುಗಡೆ ಕೆಂಪು ಆಕಾಶ. ಯಾಕೆ ಹೀಗೆ ಅಂದರೆ ಕಥೆಯಲ್ಲೇ ಉತ್ತರವಿದೆ. ಇದು ನಿಜವಾದ ಊರಲ್ಲ, ಕರ್ಕ್ ತಲೆಯಲ್ಲಿದ್ದ ಚೂರುಪಾರು ನೆನಪು ಹೆಕ್ಕಿ ಕಟ್ಟಿದ ಊರು. ಮನುಷ್ಯನ ನೆನಪಿನಲ್ಲಿ ಇರುವುದೂ ಮುಂಗೋಡೆ ಮಾತ್ರ ತಾನೇ?

ಇವರು ಎದುರಾಳಿಗಳಿಗೆ ಮಂಪರು ಬರಿಸುವ ಗ್ಯಾಸ್ ತಯಾರಿಸಿ ನೋಡುತ್ತಾರೆ. ಅದು ಕೆಲಸ ಮಾಡುವುದಿಲ್ಲ. ಮಾಡಲೇಬೇಕಿದ್ದದ್ದು ಮಾಡಲಿಲ್ಲ ಅಂದರೆ ಇಲ್ಲಿ ಯಾವುದೂ ನಿಜವಲ್ಲ ಅಂತ ಸ್ಪಾಕ್ ಲೆಕ್ಕ ಹಾಕುತ್ತಾನೆ. ಗುಂಡೂ ನಿಜವಲ್ಲ. ಆದರೆ ಮನಸ್ಸಿನ ಮೂಲೆಯಲ್ಲಿ ಎಳ್ಳಷ್ಟು ಅನುಮಾನ ಉಳಿದರೂ ಆ ಗುಂಡು ಕೊಲ್ಲುತ್ತದೆ. ಹಾಗಾಗಿ ಒಬ್ಬೊಬ್ಬರ ಮುಖಕ್ಕೂ ಕೈಯಿಟ್ಟು ಅನುಮಾನ ತೆಗೆಯುತ್ತಾನೆ. ಕಾಳಗ ಶುರುವಾಗುತ್ತದೆ. ನಾಲ್ವರೂ ಅಲುಗಾಡದೆ ನಿಲ್ಲುತ್ತಾರೆ. ಗುಂಡುಗಳು ಅವರ ಮೈದಾಟಿ ಹೋಗಿ ಹಿಂದಿನ ಬೇಲಿಯ ಹಲಗೆಯನ್ನು ಚೂರು ಮಾಡುತ್ತವೆ. ಅಷ್ಟು ಹೊತ್ತು ಸೆಟ್ ಸುಳ್ಳು ಅಂತ ನೋಡುತ್ತಿದ್ದ ನನಗೆ, ಚೂರಾಗುವ ಆ ಹಲಗೆ ಮಾತ್ರ ಭಯಂಕರ ನಿಜವಾಗಿ ಕಂಡಿತು. ಕಿಸೆ ಖಾಲಿಯಿದ್ದಾಗ ಇಷ್ಟು ಮಾಡಬಲ್ಲವರ ಬಗ್ಗೆ ನನಗೆ ಗೌರವ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಒಟ್ಟು 79 ಕಂತಿನಲ್ಲಿ ಮೂರರಲ್ಲೊಂದು ಪಾಲು ಬಿಟ್ಟರೂ ನಷ್ಟವಿಲ್ಲ. ಹೊಡೆದಾಟದಲ್ಲಿ ಶಾಟ್ನರ್ ಬದಲು ಬೇರೆಯವರು ಬೀಳುವುದು ಎದ್ದು ಕಾಣುತ್ತದೆ. ಖಾನ್ ನೂನಿಯನ್ ಸಿಂಗ್ ಅಂತ ಉತ್ತರ ಭಾರತದ ಸಿಖ್ಖನೊಬ್ಬ ಬರುತ್ತಾನೆ, ಮಾಡಿದವರು ಮೆಕ್ಸಿಕೊದ ರಿಕಾರ್ಡೊ ಮೊಂಟಲ್ಬಾನ್. ಸಿಖ್ಖನಂತೆ ಕಾಣುವುದಿಲ್ಲ, ಆದರೆ ನಟನೆ ಜೋರು. ಹೆಂಗಸರ ವಿಷಯ ಬಂದರೆ ಇನ್ನೂ ಬೇಜಾರು. ಹಡಗಿನ ಸಂಪರ್ಕ ಅಧಿಕಾರಿ ಉಹೂರಾಳನ್ನು ನೋಡಿ ನನ್ನಾಕೆ, “ಅಷ್ಟು ಓದಿದವಳಿಗೆ ಬರೀ ಫೋನ್ ಎತ್ತೋ ಕೆಲಸನಾ?” ಅಂದಳು. ಆ ಪಾತ್ರದ ನಿಶೆಲ್ ನಿಕೋಲ್ಸ್ ಅವರಿಗೂ ಮೊದಲ ವರ್ಷದಲ್ಲೇ ಬಿಟ್ಟು ಹೋಗೋಣ ಅನ್ನಿಸಿತ್ತಂತೆ. ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕಿ, ಬಿಡಬೇಡಿ ಅಂದರು ಅಂತ ಅವರೇ ಹೇಳಿಕೊಂಡಿದ್ದಾರೆ. 1969ರ ಜೂನ್ 3ರ ಕೊನೆಯ ಕಂತಂತೂ ಹೆಣ್ಣು ಕ್ಯಾಪ್ಟನ್ ಆಗುವ ಹಾಗಿಲ್ಲ ಎಂಬ ಮಾತಿನ ಸುತ್ತ ಸುತ್ತುತ್ತದೆ. ಮುಂದಿನ ತಿಂಗಳೇ ಮನುಷ್ಯ ಚಂದ್ರನ ಮೇಲೆ ಇಳಿದ ಕಾಲದಲ್ಲಿ ಇಂಥ ಮಾತು!

ಇನ್ನು ಹೊಸ ಗ್ರಾಫಿಕ್ಸ್ ಹಾಕಿ ಸರಿಮಾಡಬಾರದೇ ಎಂಬ ಆ ಓದುಗರ ಸಲಹೆ. ಅದನ್ನು 2006ರಲ್ಲೇ ಶುರು ಮಾಡಿದ್ದಾರೆ. ಹಡಗು, ಗ್ರಹಗಳ ಹೊರಗಿನ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಅಂಟಿಸಿದ್ದಾರೆ. ನನಗೆ ಹಿಡಿಸಲಿಲ್ಲ. ಹೊರಗೆ ಹೊಚ್ಚ ಹೊಸ ಗ್ರಹ, ಒಳಗೆ ಅದೇ ಹಳೇ ಬಂಡೆ. ಒಂದು ನಾಟಕಕ್ಕೆ ಇಬ್ಬರು ಲೈಟಿಂಗ್ ಮಾಡಿದ ಹಾಗಿದೆ. ಮೊದಲಿನ ಹಡಗು 11 ಅಡಿಯ ಮಾದರಿ, ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಿಮಾನ ಸಂಗ್ರಹಾಲಯದಲ್ಲಿದೆ. ಅದಕ್ಕೊಂದು ತೂಕ ಇತ್ತು.

ಕೊನೆಗೆ, ಆ ಓದುಗರ ಟೀವಿಯ ಬಗ್ಗೆ ನನಗೊಂದು ಗುಮಾನಿ. ಈಗಿನ ಎಷ್ಟೋ ಟೀವಿಗಳಲ್ಲಿ ಅಂಗಡಿಯಲ್ಲಿ ಮಿಂಚಲಿ ಅಂತ ‘ವಿವಿಡ್’ ಎಂಬ ಮೋಡ್ ಇರುತ್ತದೆ. ಅದರ ಜೊತೆ ‘ಮೋಷನ್’ ಅಂತ ಒಂದಿದೆ, ಚಿತ್ರದ ಚಲನೆಯನ್ನು ನುಣುಪು ಮಾಡುವುದು. ಸ್ಟಾರ್ ಟ್ರೆಕ್ ತೆಗೆದದ್ದು 35 ಎಂಎಂ ಫಿಲಂನಲ್ಲಿ, ಸೆಕೆಂಡಿಗೆ 24 ಚಿತ್ರ. ಟೀವಿ ಅವುಗಳ ನಡುವೆ ತಾನೇ ಇನ್ನಷ್ಟು ಚಿತ್ರ ತುರುಕಿದರೆ ಎಂಥ ಒಳ್ಳೆ ಫಿಲಂ ಕೂಡ ಮದುವೆ ವಿಡಿಯೋ ಆಗುತ್ತದೆ. 1966ರಲ್ಲಿ ಜನ ಇದನ್ನು ನೋಡಿದ್ದು ಪುಟ್ಟ, ಮಸುಕು ತೆರೆಯಲ್ಲಿ. ರಟ್ಟಿನ ಕೀಲು ಅದರಲ್ಲಿ ಕಾಣುತ್ತಿರಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಆ ಮೋಷನ್ ಆಫ್ ಮಾಡಿ, ಪಿಕ್ಚರ್ ಮೋಡನ್ನು ‘ಸಿನಿಮಾ’ಕ್ಕೆ ಹಾಕಲಿ. ಮೊದಲನೇ ಕಂತಿನಿಂದ ಸಾಲಾಗಿ ನೋಡಬೇಕಾದ್ದಿಲ್ಲ. ಗಣಿಯ ಕಥೆ ಮೊದಲು, ಕೆಂಪು ಆಕಾಶದ್ದು ಆಮೇಲೆ. ‘ಸ್ಪಾಕ್ಸ್ ಬ್ರೈನ್’ ಎಂಬ ಕಂತನ್ನು ಮಾತ್ರ ಸದ್ಯಕ್ಕೆ ಮುಟ್ಟದಿರಲಿ. ಆಮೇಲೂ ಹಿಡಿಸದಿದ್ದರೆ ಇದೇ ಪುಟದಲ್ಲಿ ಬರೆಯಲಿ, ನಾನು ಓದುತ್ತೇನೆ.

ಇಂತಿ,
ನಾಟಕದ ಒಬ್ಬ ಹಳೇ ಲೈಟಿನವ, ಸಾಗರ