ಮೂಗು ಸಾಲ ಕೊಟ್ಟವರಿಗೆಲ್ಲ ಥ್ಯಾಂಕ್ಸ್

ಕೋವಿಡ್‌ನಲ್ಲಿ ಹೋಗಿದ್ದ ನನ್ನ ವಾಸನೆ, ರುಚಿ ಎರಡೂ ಹೆಚ್ಚೂಕಡಿಮೆ ವಾಪಸ್ ಬಂದಿವೆ. ತುಂಬಾ ಜನ ವಿಚಾರಿಸುತ್ತಿದ್ದಿರಿ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಜ್ವರ, ಮೈಕೈ ನೋವು ಬೇಗ ಬಿಟ್ಟವು. ಉಳಿದುಕೊಂಡಿದ್ದು ಇದೊಂದೇ. ಕೈಗೆ ಕಟ್ಟು ಹಾಕಿದ್ದರೆ ಎಲ್ಲರಿಗೂ ಕಾಣುತ್ತದೆ, ಮೂಗಿನೊಳಗಿನದು ಯಾರಿಗೆ ಕಾಣಬೇಕು? "ಅಷ್ಟೇ ತಾನೆ, ಜೀವಕ್ಕೇನೂ ಆಗ್ಲಿಲ್ವಲ್ಲ" ಅಂದವರೂ ಇದ್ದಾರೆ. ಹಾಗನ್ನದೆ ನಂಬಿದವರಿಗೆ ಮೊದಲ ಥ್ಯಾಂಕ್ಸ್.

ಅದರಲ್ಲೂ ಇಎನ್‌ಟಿ ಡಾಕ್ಟರಿಗೆ. ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ವೈರಸ್ ಹೆಚ್ಚಾಗಿ ಹಾಳುಮಾಡುವುದು ವಾಸನೆ ಹಿಡಿಯುವ ನರಕೋಶಗಳ ಸುತ್ತ ಇದ್ದು ಅವನ್ನು ಕಾಪಾಡುವ ಕೋಶಗಳನ್ನಂತೆ. ಆ ನರಕೋಶಗಳಿಗೂ ಮತ್ತೆ ಹುಟ್ಟುವ ಶಕ್ತಿಯಿದೆಯಂತೆ. ಅದನ್ನು ಕೇಳಿಯೇ ಅರ್ಧ ಧೈರ್ಯ ಬಂತು. ನನ್ನ ನಾಲಿಗೆ ಬೇಗ ಸರಿಹೋದರೂ ಊಟ ಯಾಕೆ ಸಪ್ಪೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ನಾಲಿಗೆಗೆ ಸಿಗುವುದು ಸಿಹಿ, ಉಪ್ಪು, ಹುಳಿ, ಕಹಿ, ಮತ್ತೆ ಉಮಾಮಿ, ಅಂದರೆ ಅಣಬೆ, ಟೊಮೆಟೊದಂಥವುಗಳಲ್ಲಿ ಸಿಗುವ ಒಂಥರಾ ರುಚಿ. ಉಳಿದಿದ್ದರಲ್ಲಿ ಬಹುಪಾಲು ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಹತ್ತುವ ಪರಿಮಳ. ನಿಂಬೆ ಬಾಯಿಗಿಟ್ಟರೆ ಹುಳಿ ಇದೆ ಅಂತ ಗೊತ್ತಾಗುತ್ತಿತ್ತು, ಅದು ನಿಂಬೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ವಾಸನೆಯ ಬಗ್ಗೆ ಸಂಶೋಧನೆ ಮಾಡುವ ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮ್ಮೆಲ್ ಮತ್ತವರ ತಂಡಕ್ಕೂ ಇಲ್ಲಿಂದಲೇ ಒಂದು ನಮಸ್ಕಾರ. ವಾಸನೆ ಕಳೆದುಕೊಂಡವರು ಅದನ್ನು ಮರಳಿ ಪಡೆಯಲು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ ಮೂಸುವ ಅಭ್ಯಾಸದ ಬಗ್ಗೆ ಅವರು ಬರೆದಿದ್ದು 2009ರಲ್ಲಿ, ಕೋವಿಡ್ ಹೆಸರೇ ಇಲ್ಲದಿದ್ದಾಗ. ಸುಮ್ನೆ ಮೂಸಿದರೆ ಸಾಲದು, ಆ ವಾಸನೆಯನ್ನು ನೆನಪು ಮಾಡಿಕೊಳ್ಳುತ್ತಾ ಮೂಸಬೇಕು. ಎಷ್ಟೋ ದಿನ ನಾಲ್ಕು ಬಾಟಲಿಯಲ್ಲೂ ಬರೀ ಗಾಳಿ. ನಮ್ಮ ಯಜಮಾನರು ಎದುರು ಕೂತು ತಾವೂ ಮೂಸಿ, "ಇದು ಲವಂಗ, ಸ್ವಲ್ಪ ಘಾಟು, ಹಲ್ಲುನೋವಿನ ಔಷಧಿ ಥರ" ಅಂತ ಹೇಳುತ್ತಿದ್ದರು. ಕೊನೆಗೆ ಮೊದಲು ಬಂದಿದ್ದೂ ಲವಂಗವೇ.

ಮಗಳ ಲೆಕ್ಕ ಬೇರೆಯೇ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಅದು ಗೊತ್ತಾಗದ ಮೂಗಿಟ್ಟುಕೊಂಡು ರಾತ್ರಿ ನಿದ್ದೆ ಬರುವುದು ಕಷ್ಟ. "ಅಮ್ಮಾ, ನಾನು ಮೂಸಿ ನೋಡಿದ್ದೀನಿ, ನೀನು ಮಲ್ಕೋ" ಅನ್ನುತ್ತಿದ್ದಳು. ಹಾಲು ಕೆಟ್ಟಿದೆಯಾ ನೋಡುವುದೂ ಅವಳ ಕೆಲಸ. ಬೆವರಿನ ವಾಸನೆ ಬರುತ್ತಿದೆಯಾ ಅಂತ ಯಾರನ್ನು ಕೇಳುವುದು ಹೇಳಿ? ತಂಗಿಯನ್ನು ಕೇಳುತ್ತಿದ್ದೆ. ಅವಳು ಮುಲಾಜಿಲ್ಲದೆ "ಹೋಗು, ಬಟ್ಟೆ ಬದಲಾಯಿಸು" ಅನ್ನುತ್ತಿದ್ದಳು. ಅಂಥ ಒಬ್ಬರು ಬೇಕು.

ಆಮೇಲೆ ವಾಸನೆ ಬಂತು, ಆದರೆ ತಲೆಕೆಳಗಾಗಿ. ಕಾಫಿ ಅಂದರೆ ಸುಟ್ಟ ರಬ್ಬರು, ಕೊಳೆತ ಕಸ ಎರಡೂ ಸೇರಿದಂತೆ. ಕಾಫಿಗೆ ಘಮ ಕೊಡುವ ಗಂಧಕದ ಅಂಶವೇ ಇಂಥ ಸ್ಥಿತಿಯಲ್ಲಿ ಗಬ್ಬು ನಾರುತ್ತದಂತೆ. ಆಫೀಸಿನ ಗೆಳೆಯರು ನಾನು ಕೇಳುವ ಮೊದಲೇ ಲೋಟ ಹಿಡಿದು ಹೊರಗೆ ಹೋಗಿ ಕುಡಿಯುತ್ತಿದ್ದರು. ಮಳೆಯಲ್ಲೂ! ಇನ್ನು ಒಳಗೇ ಕುಡೀರಪ್ಪಾ, ಏನೂ ತೊಂದರೆಯಿಲ್ಲ.

ಈರುಳ್ಳಿ ಇನ್ನೂ ಸರಿಯಾಗಿಲ್ಲ. ಬಾಟಲಿಗಳನ್ನು ಬಿಟ್ಟಿಲ್ಲ. ನಿಮ್ಮಲ್ಲಿ ಯಾರಿಗಾದರೂ ವಾಸನೆ ಇನ್ನೂ ಬಂದಿಲ್ಲವಾದರೆ ಡಾಕ್ಟರ ಹತ್ತಿರ ಹೋಗಿ, ನನಗೂ ಒಂದು ಫೋನ್ ಮಾಡಿ. ನನಗೆ ಮದ್ದು ಗೊತ್ತಿಲ್ಲ. ಎಷ್ಟು ಹೊತ್ತು ಬೇಕಾದರೂ ಗೊಣಗಿ, ಕೇಳಿಸಿಕೊಳ್ಳುತ್ತೇನೆ.