ಬೆರಕೆ ಮುಲಾಮು ಎಲ್ಲ ಸೋಂಕಿಗೂ ಮದ್ದಲ್ಲ

ಮಾನ್ಯರೇ,

ಪ್ರತಿಜೀವಕ ಮತ್ತು ಸ್ಟೀರಾಯ್ಡ್ ಎರಡೂ ಬೆರೆತ ಮುಲಾಮನ್ನು ಚರ್ಮದ ಯಾವ ಸೋಂಕಿಗಾದರೂ ಹಚ್ಚಬಹುದೆಂಬ ನಂಬಿಕೆ ಸರಿಯಲ್ಲ. ಫ್ಯೂಸಿಡಿಕ್ ಆಮ್ಲವೆಂಬ ಪ್ರತಿಜೀವಕದೊಂದಿಗೆ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿಸಿದಂಥ ಮುಲಾಮುಗಳು ಇಸುಬಿನಂತಹ ಉರಿಯೂತದ ಮೇಲೆ ಬ್ಯಾಕ್ಟೀರಿಯಾ ಸೋಂಕೂ ತಗುಲಿದಾಗ ವೈದ್ಯರು ಬರೆದುಕೊಡುವಂಥವು, ಬರಿಯ ಕೀವುಗುಳ್ಳೆಗಲ್ಲ. ಸ್ಟೀರಾಯ್ಡ್ ಕೆಂಪು, ತುರಿಕೆ, ಊತಗಳನ್ನು ಬೇಗ ತಗ್ಗಿಸುತ್ತದೆ ನಿಜ, ಆದರೆ ಆ ಜಾಗದ ರೋಗನಿರೋಧಕ ಪ್ರತಿಕ್ರಿಯೆಯನ್ನೂ ಕುಗ್ಗಿಸುವುದರಿಂದ, ವಾಸಿಯಾದಂತೆ ಕಂಡ ಸೋಂಕು ಒಳಗೊಳಗೇ ಹರಡಬಹುದು. ಹುಳುಕಡ್ಡಿಯ ವಿಷಯದಲ್ಲಂತೂ ಇದು ಇನ್ನೂ ಕೆಟ್ಟದ್ದು: ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಈ ಪ್ರತಿಜೀವಕ ನಾಟುವುದಿಲ್ಲ, ಸ್ಟೀರಾಯ್ಡ್ ಮಾತ್ರ ಅದರ ಉಂಗುರದಂಥ ಗುರುತನ್ನು ಮಸುಕಾಗಿಸಿ ವೈದ್ಯರನ್ನೂ ದಾರಿ ತಪ್ಪಿಸುತ್ತದೆ.

ಸಾಮಾನ್ಯವಾಗಿ 2 ವಾರಕ್ಕಿಂತ ಹೆಚ್ಚು ಕಾಲ ಇದನ್ನು ಹಚ್ಚಬಾರದು. ಮುಖ, ಕಂಕುಳು, ತೊಡೆಸಂದಿನಲ್ಲಿ ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣತೊಡಗುತ್ತವೆ. ಪ್ರತಿಜೀವಕದ ಅತಿಬಳಕೆಯಿಂದ ಸ್ಟೆಫಿಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಒಬ್ಬರಿಗೆ ಬರೆದುಕೊಟ್ಟು ಉಳಿದ ಟ್ಯೂಬನ್ನು ಮನೆಯ ಇನ್ನೊಬ್ಬರಿಗೆ ಹಚ್ಚುವ ರೂಢಿಯೂ (ಈ ತಪ್ಪನ್ನು ನಾನೂ ಮಾಡಿದ್ದೇನೆ) ನಿಲ್ಲಬೇಕು. ‘ಸ್ಟೀರಾಯ್ಡ್ ಇದೆ’ ಎಂಬ ಮಾತನ್ನು ತಯಾರಕರು ಟ್ಯೂಬಿನ ಮೇಲೆಯೇ ದಪ್ಪಕ್ಷರಗಳಲ್ಲಿ ಮುದ್ರಿಸಲಿ.

– ಓರ್ವ ಓದುಗ